ಇಟಲಿಯ ಇಗರ್ಜಿಯಲ್ಲಿ ತಪ್ಪಿದ ಪೂಜೆ

ಕತಾರಿನಲ್ಲಿ ನಮಗೆ ಶುಕ್ರವಾರವೇ ಭಾನುವಾರ. ವಾರದ ರಜೆ ಆ ದಿನ, ಪೂಜೆಗೆ ಜನ ಬಂದು ಇಗರ್ಜಿ ತುಂಬುವುದೂ ಆ ದಿನ. ಭಾನುವಾರ ಬೆಳಿಗ್ಗೆ ನಾನು ಲುಸೈಲ್‌ನ ಆಫೀಸಿನಲ್ಲಿ ಗುಮಾಸ್ತನ ಕುರ್ಚಿಯಲ್ಲಿರುತ್ತಿದ್ದೆ. ಇಟಲಿ ಪ್ರವಾಸದ ದಿನ ಗೊತ್ತುಮಾಡುವಾಗಲೂ ಅದೇ ಅಭ್ಯಾಸ ತಲೆಯಲ್ಲಿತ್ತು.

ಅಲ್ಲಿನ ಒಂದು ಹೆಸರಾಂತ ಹಳೆಯ ಇಗರ್ಜಿಯಲ್ಲಿ ಪೂಜೆ ಕೇಳಬೇಕೆಂಬುದು ನನ್ನ ಹೆಂಡತಿಯ ಆಸೆ. ಅವಳ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಅಲ್ಲಿನ ಗುಮ್ಮಟ, ಚಾವಣಿಯ ಚಿತ್ರಗಳು. ಆಫೀಸಿನ ಎಂಜಿನಿಯರುಗಳ ಮುಂದೆ ನಾನೂ ನೋಡಿಬಂದೆ ಅನ್ನಬೇಕಿತ್ತು.

"ಅಲ್ಲಿಯವರಿಗೆ ಪೂಜೆ ಆದಿತ್ಯವಾರ ಅಲ್ವಾ? ಒಮ್ಮೆ ವಿಚಾರಿಸಿ ಮಾರಾಯ್ರೆ," ಎಂದಳು ಟಿಕೆಟ್ ಮಾಡುವ ದಿನ.

"ಶುಕ್ರವಾರ ಪೂಜೆ ಇಲ್ಲದ ಇಗರ್ಜಿ ಉಂಟಾ? ನೀನು ಸುಮ್ನಿರು," ಎಂದೆ.

ಶುಕ್ರವಾರ ಹೋದೆವು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸು, ಪೂಜೆ ಭಾನುವಾರ ಮಾತ್ರ, ಉಳಿದ ದಿನ ನೋಡಲು ಬರುವವರಿಗೆ ಎಂದಳು. ನಮ್ಮ ವಿಮಾನ ಶನಿವಾರ. ಒಳಗೆ ಪೀಠದ ಮುಂದೆ ಹಗ್ಗ ಕಟ್ಟಿದ್ದರು. ಹೆಂಡತಿ ಆ ಹಗ್ಗದ ಪಕ್ಕದಲ್ಲೇ ಮೊಣಕಾಲೂರಿದಳು. ದಾರಿ ಬಿಡುವಂತೆ ಕಾವಲಿನವನು ಕೈಸನ್ನೆ ಮಾಡಿದ. ನಾನೇ ಅವಳ ತೋಳು ಹಿಡಿದು ಎಬ್ಬಿಸಿದೆ.

"ಆದಿತ್ಯವಾರದವರೆಗೆ ನಿಲ್ಲುವ. ಮತ್ತೆ ನನಗೆ ಬರ್ಲಿಕ್ಕೆ ಆಗುದಿಲ್ಲ," ಎಂದಳು.

ಭಾನುವಾರ ಡ್ಯೂಟಿ ಇದೆ ಎಂದೆ. ಅವಳು ಹೋಗಿ ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತಳು. ನಾನು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ದೇವದೂತರ ರೆಕ್ಕೆಗಳ ನೀಲಿ, ಕಂಬಗಳ ತುದಿಯ ಕಲ್ಲಿನ ಎಲೆಗಳು, ಎಲ್ಲವನ್ನೂ ಫೋನಿನಲ್ಲಿ ತೆಗೆದುಕೊಂಡೆ.

ಭಾನುವಾರ ಆಫೀಸಿಗೆ ಹೋದರೆ ಮ್ಯಾನೇಜರ್ ತಾನೇ ರಜೆಯಲ್ಲಿದ್ದ. ಕೆಲಸವಿರಲಿಲ್ಲ. ಚಹಾ ಕುಡಿಯುತ್ತಾ ಎಲ್ಲರಿಗೂ ಆ ಚಿತ್ರಗಳನ್ನು ತೋರಿಸಿದೆ. ಚೆನ್ನಾಗಿವೆ ಎಂದರು. ಇಟಲಿಯ ಆ ಇಗರ್ಜಿಯಲ್ಲಿ ಪೂಜೆ ನಡೆಯುತ್ತಿದ್ದ ಹೊತ್ತು ಅದು.

ಮುಂದಿನ ಬೇಸಿಗೆಗೆ ಅವಳಿರಲಿಲ್ಲ.

ಈಗ ಕತಾರಿನಲ್ಲೇ, ಅಲ್ ಅಜೀಜಿಯಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಇಲ್ಲಿಯ ಇಗರ್ಜಿಯಲ್ಲಿ, ನಮ್ಮ ಊರ ಕಡೆಯ ಒಬ್ಬ ಪಾದ್ರಿಯ ಬಳಿ ಪಾಪನಿವೇದನೆಗೆ ಕುಳಿತು ಇದನ್ನೆಲ್ಲ ಹೇಳಿದೆ. ಅವರು ನನ್ನ ಮಗಳ ಪ್ರಾಯದವರು.

"ದಿನ ತಪ್ಪಿದ್ದು ಪಾಪ ಅಲ್ಲ ಅಂಕಲ್. ಗೊತ್ತಿಲ್ಲದೆ ಆದದ್ದಲ್ವಾ?" ಎಂದರು.

"ಗೊತ್ತಿಲ್ಲದೆ ಅಲ್ಲ ಫಾದರ್. ಅವಳು ಹೇಳಿದ್ದಳು. ನಿಲ್ಲುವ ಅಂತಲೂ ಹೇಳಿದ್ದಳು."

ಅವರು ಪ್ರಾಯಶ್ಚಿತ್ತಕ್ಕೆಂದು ಒಂದು ಜಪಸರ ಹೇಳಲು ತಿಳಿಸಿ ಕ್ಷಮೆಯ ಪ್ರಾರ್ಥನೆ ಮಾಡಿದರು. ಹಿಂದೆ ಸಾಲು ಉದ್ದವಿತ್ತು. ನನ್ನನ್ನು ಅಷ್ಟು ಸುಲಭಕ್ಕೆ ಬಿಟ್ಟುಬಿಟ್ಟರಲ್ಲ ಎಂಬ ಸಿಟ್ಟಿನಲ್ಲೇ ಎದ್ದು ಬಂದೆ.