ಶೀನನ ಗೋಡೆ, ನನ್ನ ಸುಣ್ಣ

ನನಗೆ ಆಗ ಎಪ್ಪತ್ತೊಂದು. ಆರು ವರ್ಷದ ಹಿಂದಿನ ಮಾತು. ಶೀನ ನನ್ನ ಎಮ್ಮೆ ಕೊಟ್ಟಿಗೆಯ ಗೋಡೆಗೆ ಮೂಗು ಹಚ್ಚಿ ನಿಂತಿದ್ದ. ನೋಡುತ್ತಿರಲಿಲ್ಲ, ಮೂಸುತ್ತಿದ್ದ. ಅವನ ಹಿಂದೆ ಹಾರ, ಶಾಲು ಹಿಡಿದುಕೊಂಡ ಜನ. ಮೈಕು ಬೇರೆ. ನಮ್ಮೂರು ಹಂಗಾರಕಟ್ಟೆಯಲ್ಲಿ ಮೀನು ಮೂಸಿ ಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಗೋಡೆ ಮೂಸುವವನು ಅವನೊಬ್ಬನೇ.

ಈಗ ಅವನಿಲ್ಲ. ಅವನ ನೆನಪಿನ ಪುಸ್ತಕಕ್ಕೆ ದೊಡ್ಡ ದೊಡ್ಡವರು ಬರೆಯುತ್ತಾರಂತೆ. ನಾನು ಓದಿದ್ದು ಮೂರನೇ ಕ್ಲಾಸು. ಗೋಡೆ ನನ್ನದಾದ್ದರಿಂದ ನನ್ನನ್ನೂ ಕೇಳಿದ್ದಾರೆ.

ಶೀನ ಪಕ್ಕದ ಮನೆಯ ಹುಡುಗ. ಮೀಸೆ ಚಿಗುರುವ ಹೊತ್ತಿಗೆ ದೋಣಿ ಕಟ್ಟುವಲ್ಲಿ ಕೆಲಸಕ್ಕೆ ಸೇರಿ ಬೋಟುಗಳ ಮೇಲೆ ದೇವರ ಹೆಸರು, ನಂಬರು ಬರೆಯುತ್ತಿದ್ದ. ಆ ಅಕ್ಷರಗಳು ಮುತ್ತಿನ ಹಾಗೆ. ಕೆಲಸ ಮುಗಿಯಿತೋ, ಉಳಿದ ಬಣ್ಣ, ಬಚ್ಚಲೊಲೆಯ ಇದ್ದಲು ಹಿಡಿದು ಊರಿನ ಗೋಡೆಗಳ ಮೇಲೆ ತನ್ನ ಹೆಸರು ಬರೆಯುತ್ತಿದ್ದ. ಅದನ್ನು ಮಾತ್ರ ಹೆತ್ತ ತಾಯಿಗೂ ಓದಲು ಬರುತ್ತಿರಲಿಲ್ಲ. ಬಲೆಗೆ ಏಡಿ ಸಿಕ್ಕಿ ಎಳೆದಾಡಿದ ಹಾಗೆ ಇರುತ್ತಿತ್ತು. ಐಸ್ ಫ್ಯಾಕ್ಟರಿ ಗೋಡೆ ಆಯಿತು, ಶಾಲೆಯ ಗೋಡೆ ಆಯಿತು. ಪಂಚಾಯತಿ ಮೆಂಬರ್ ಮಂಜಣ್ಣ ತನ್ನ ಹೆಸರು ದಪ್ಪಕ್ಷರದಲ್ಲಿ ಬರೆಸಿದ್ದ ಬಸ್ ಸ್ಟಾಂಡಿನಲ್ಲಿ, ಆ ಹೆಸರಿನ ಮೇಲೆಯೇ ತನ್ನದನ್ನು ಎಳೆದ. ಮಂಜಣ್ಣ ಅವನನ್ನು ತೆಂಗಿನ ಮರಕ್ಕೆ ಕಟ್ಟಿ ಹಾಕಿದ. ಬಿಚ್ಚಿದ ಮೇಲೆ ನೋಡಿದರೆ ಮರದ ಮೇಲೂ ಉಗುರಿನಲ್ಲಿ ಗೀಚಿದ್ದ.

ಎಲ್ಲ ಗೋಡೆ ಸುತ್ತಿ ಕಡೆಗೆ ಬರುತ್ತಿದ್ದದ್ದು ನನ್ನ ಕೊಟ್ಟಿಗೆಗೆ. ನಾನು ಚಿಪ್ಪಿನ ಸುಣ್ಣ ನೆನೆಹಾಕಿ, ಚಿಟಿಕೆ ನೀಲಿ ಬೆರೆಸಿ, ತೆಂಗಿನ ನಾರಿನ ಕುಂಚದಲ್ಲಿ ಹೊಡೆದು ಅಳಿಸುತ್ತಿದ್ದೆ. ಅವನು ಮತ್ತೆ ಬರೆಯುತ್ತಿದ್ದ.

“ಹ್ವಾಯ್ ಶೀನ, ನಿಮ್ಮನಿ ಗೋಡಿ ಎಂತ ಕಡ್ಲಿಗೆ ಹೋಯ್ತಾ?”

“ನಮ್ದ್ ತೆಂಗಿನ್ ಮಡ್ಲಿನ್ ಗೋಡಿ ಗಿರ್ಜಕ್ಕ. ಬಣ್ಣ ನಿಲ್ತಿಲ್ಲ.”

“ನಾಳೆ ಸುಣ್ಣ ಹೊಡಿತೆ ಕಾಣ್.”

“ಹೊಡೀರಿ. ಅದ್ ಒಣ್ಗುಕೇ ನಾ ಕಾಯುದ್.”

ಸುಣ್ಣ ಒಣಗಿದರೆ ಹಳೆಯ ಮಸಿ ಒಳಗಿಂದ ಮಬ್ಬಾಗಿ ಕಾಣುತ್ತದೆ. ಅವನು ಅದನ್ನೇ ತುಂಬ ಹೊತ್ತು ನೋಡಿ, ಎಲ್ಲಿ ಮಸಿ ಸತ್ತಿದೆಯೋ ಅಲ್ಲಿಂದ ಹೊಸ ಗೀಟು ಶುರುಮಾಡುತ್ತಿದ್ದ. ಹೀಗೆ ನನ್ನ ಗೋಡೆ ವರ್ಷ ವರ್ಷ ದಪ್ಪವಾಯಿತು. ಎಮ್ಮೆಗೆ ಮಾತ್ರ ಬೆನ್ನು ತಿಕ್ಕಲು ಒಳ್ಳೆಯದಾಯಿತು.

ಆಮೇಲೆ ಮಾವನ ಜೊತೆ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದ. ಅಲ್ಲಿಯೂ ಕೈ ಸುಮ್ಮನಿರಲಿಲ್ಲ. ರೈಲು ಹಳಿಯ ಪಕ್ಕದ ಗೋಡೆಗಳಲ್ಲಿ ಬರೆದ, ಪೊಲೀಸರ ಪೆಟ್ಟು ತಿಂದ. ಅವರು ಬಣ್ಣ ಬಳಿದು ಅಳಿಸಿದರು, ಇವನು ಮತ್ತೆ ಬರೆದ. ಅದಕ್ಕೆ ಗ್ರಾಫಿಟಿ ಎಂದು ಹೆಸರಂತೆ. ಯಾರೋ ಕಣ್ಣಿದ್ದವರು ಕಂಡು ಬಟ್ಟೆಯ ಮೇಲೆ ಬರೆಸಿದರು. ಶೀನ ಹೋಗಿ ‘ಹಂಗಾರ್’ ಎಂಬ ಅಮೂರ್ತ ಚಿತ್ರಕಾರನಾದ. ಒಮ್ಮೆ ಊರಿಗೆ ಬಂದವನು ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬರೀ ಬಿಳಿ, ಅದರೊಳಗೆ ಹೊಗೆ ಹಿಡಿದಂತೆ ಏನೋ.

“ಇದ್ ಎಂತದಾ?” ಎಂದೆ.

“ಎಂತದೂ ಅಲ್ಲ. ಬರಿತೆ, ಸುಣ್ಣ ಬಳಿತೆ, ಮೀನ್ ಕತ್ತಿಯಂಗೆ ಕೆರಿತೆ. ಅಳ್ಸಿದ್ ಮೇಲೇ ಎಂತ ಬರಿಕ್ ಅಂದೇಳಿ ನಂಗ್ ಗೊತ್ತಾಪ್ದ್.”

“ಹಾಂಗಾರೆ ಅಳ್ಸಿದ್ ನಾನಲ್ದಾ? ನನ್ ಹೆಸ್ರೂ ಹಾಕ್.”

“ಹಾಕಿದ್ದೆ ಗಿರ್ಜಕ್ಕ. ಕಣ್ಣಿಗ್ ಕಾಂತಿಲ್ಲ ಅಷ್ಟೆ, ಸುಣ್ಣದ್ ಅಡೀಲ್ ಇತ್ತ್.”

ಆ ಸಲವೂ ಗೋಡೆಯ ಮೇಲೆ ಗೀಚಿಯೇ ಹೋದ. ನಾನು ಸುಣ್ಣ ನೆನೆಹಾಕಿ ಕುಂಚ ಅದ್ದುವ ಹೊತ್ತಿಗೆ ಮಂಜಣ್ಣ ಪೇಪರು ಹಿಡಿದುಕೊಂಡು ಓಡಿ ಬಂದ. ಪೇಪರಿನಲ್ಲಿ ಶೀನನ ಫೋಟೋ.

“ಗಿರ್ಜಕ್ಕ, ಕುಂಚ ಕೆಳ್ಗ್ ಇಡಿ! ಅದ್ ಊರಿನ್ ಆಸ್ತಿ!”

“ನೀನೇ ಅವ್ನ್ ಮರಕ್ಕ್ ಕಟ್ಟಿದ್ದಲ್ದಾ ಮಾರಾಯ?”

“ಅದ್ ಪ್ರೋತ್ಸಾಹ!” ಎಂದ ಮಂಜಣ್ಣ.

ಗೋಡೆಗೊಂದು ಸಮಿತಿಯಾಯಿತು, ಮಂಜಣ್ಣ ಅಧ್ಯಕ್ಷ. ಕಬ್ಬಿಣದ ಬೇಲಿ ಬಂತು, ತಗಡಿನ ಮಾಡು ಬಂತು, ‘ಮುಟ್ಟಬಾರದು’ ಎಂದು ಬೋರ್ಡು ಬಂತು. ಬೋರ್ಡು ಬರೆಸಲು ಆಳು ಸಿಗದೆ ಕುಂದಾಪುರದಿಂದ ಕರೆಸಿದರು; ಊರಿನಲ್ಲಿ ಚೆಂದ ಬರೆಯುತ್ತಿದ್ದವನು ಒಬ್ಬನೇ, ಅವನನ್ನು ಕಟ್ಟಿ ಹಾಕಿ ಓಡಿಸಿಯಾಗಿತ್ತು. ಎಮ್ಮೆ ಹಲಸಿನ ಮರದಡಿಗೆ ಹೋಯಿತು. ನೋಡಲು ಬಂದ ಕಾಲೇಜು ಮೇಷ್ಟ್ರೊಬ್ಬರು ಒಂದು ಕಡೆ ಕೈ ತೋರಿಸಿ ಕಡಲಿನ ವಿಷಾದ ಎಂದರು. ಅದು ಎಮ್ಮೆ ಬೆನ್ನು ತಿಕ್ಕಿದ ಜಾಗ ಎಂದೆ. ಅವರಿಗೆ ಇನ್ನೂ ಸಂತೋಷವಾಗಿ ಎಮ್ಮೆಯ ಫೋಟೋ ತೆಗೆದುಕೊಂಡರು.

ನಾನೂ ಕಮ್ಮಿಯಲ್ಲ. ಜನ ಬರುವ ದಿನ ಇಸ್ತ್ರಿ ಸೀರೆ ಉಡುತ್ತಿದ್ದೆ. ಮದುವೆ ಮನೆಗಳಲ್ಲಿ ಮುಂದಿನ ಕುರ್ಚಿ ಸಿಗುತ್ತಿತ್ತು. ಸೊಸೆ ಜೋರು ಮಾತು ನಿಲ್ಲಿಸಿದ್ದಳು. ಕೇಳಿದವರಿಗೆ ನಾನೂ ವಿಷಾದ ಎಂದು ತೋರಿಸಲು ಕಲಿತಿದ್ದೆ.

ಶೀನ ಗೋಡೆ ಮೂಸಿದ್ದು ಈ ಸಮಿತಿ ಇಟ್ಟ ಸನ್ಮಾನದ ದಿನ. ಶಾಲು ಹೊದೆಸಿ ಆದ ಮೇಲೆ, ಗೋಡೆಯ ಮೂಲೆಯಲ್ಲಿ ಒಂದು ಗೀಟು ಎಳೆಯಬೇಕು ಎಂದು ಮಂಜಣ್ಣ ಇದ್ದಲು ಕೊಟ್ಟ. ಬೆಳ್ಳಿ ತಟ್ಟೆಯಲ್ಲಿಟ್ಟು ಕೊಟ್ಟ. ಶೀನ ಕೈ ಎತ್ತಿದ. ಕೈ ಅಲ್ಲಿಯೇ ನಿಂತಿತು. ಬೆವರು ಇಳಿಯಿತು, ಗೀಟು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಇದ್ದಲನ್ನು ತಟ್ಟೆಗೆ ವಾಪಸು ಹಾಕಿದ. ಮೇಷ್ಟ್ರು “ಶೂನ್ಯ!” ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಅವನ ಗೀಟು ಎಂದೂ ಅರ್ಥವಾದದ್ದಿಲ್ಲ; ಆದರೆ ಗೀಟು ಎಳೆಯದ ಶೀನನನ್ನು ಅದೇ ಮೊದಲು ಕಂಡದ್ದು.

ಜನ ಊಟಕ್ಕೆ ಎದ್ದಾಗ ಅವನು ಹಿತ್ತಲಿಗೆ ಬಂದು ಗಂಜಿ ಕೇಳಿದ. ಒಣ ಸಿಗಡಿ ಚಟ್ನಿ ಹಾಕಿದೆ. ಅರ್ಧ ಉಂಡು ಕೈ ಬಿಟ್ಟ.

“ವರ್ಷ ಆಯ್ತ್ ಗಿರ್ಜಕ್ಕ, ಒಂದ್ ಚಿತ್ರ ಆಯ್ಲಿಲ್ಲ. ಎಲ್ಲಿ ಗೀಚ್ರೂ ಗಾಜ್ ಹಾಕಿ ಇಡ್ತ್ರ್. ಅಳ್ಸುಕೆ ಅಂದೇಳಿ ಒಬ್ಬನ್ನ ಇಟ್ಕಂಡಿದ್ದೆ. ಅವ ಅಳ್ಸುದ್ ಬಿಟ್ಟ್ ಕೈ ಮುಗಿತ. ನೀವ್ ಈ ಗೋಡಿಗೆ ಸುಣ್ಣ ಹೊಡೀಕ್.”

“ನೀನೇ ಹೊಡ್ಕೋ.”

“ನಾನೇ ಬರ್ದ್ ನಾನೇ ಅಳ್ಸ್ರೆ ಅದ್ ಮಕ್ಕಳಾಟ. ನೀವ್ ನಂಗ್ ಬೈಯ್ಕ್, ನೀವ್ ಅಳ್ಸ್ಕ್. ಇಲ್ದಿರೆ ನನ್ ಕೈ ಇಲ್ಲಿಗೇ ಮುಗೀತ್.”

“ಆತಿಲ್ಲ ಮಾಣಿ. ಈ ಗೋಡಿಯಿಂದ ನಂಗೊಂದ್ ಕುರ್ಚಿ ಸಿಕ್ಕಿತ್. ಈ ಪ್ರಾಯದಲ್ ಬಿಡುಕಾತಿಲ್ಲ.”

ಅವನು ಎದ್ದ. ಬಟ್ಟಲು ತೊಳೆದಿಟ್ಟ, ಲೋಟ ತೊಳೆದ ಕೈಯಲ್ಲವೇ. ಹೋಗುವಾಗ ಮತ್ತೆ ಗೋಡೆಗೆ ಮೂಗು ಹಚ್ಚಿ, “ಸುಣ್ಣದ್ ವಾಸ್ನಿ ಪೂರಾ ಹೋಯ್ತ್” ಎಂದ. ಸಂಜೆಯ ಬಸ್ಸಿಗೆ ಹೊರಟ. ಕಿಟಕಿಯ ಪಕ್ಕ ಕೂತಿದ್ದವನ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮೊದಲಾದರೆ ಬಸ್ಸಿನ ಧೂಳಿನ ಮೇಲೂ ಬೆರಳಾಡಿಸುತ್ತಿದ್ದ.

ಆಮೇಲೆ ಅವನನ್ನು ನಾನು ಕಾಣಲಿಲ್ಲ. ಅಲ್ಲಿಂದ ಕಡೆಯವರೆಗೂ ಬಿಡುವಿಲ್ಲದೆ ಬಿಡಿಸಿದ, ಅವೇ ಅವನ ಶ್ರೇಷ್ಠ ಚಿತ್ರಗಳು ಎನ್ನುತ್ತಾರೆ. ಅವನ್ನು ನಾನು ನೋಡಿಲ್ಲ. ಅವು ಹೇಗೆ ಹುಟ್ಟಿದವು ಎಂದು ಮೇಷ್ಟ್ರು ಈ ಪುಸ್ತಕದಲ್ಲೇ ಉದ್ದಕ್ಕೆ ಬರೆದಿರುತ್ತಾರೆ. ನನಗೆ ಗೊತ್ತಿರುವುದು ಅವನು ಆ ಬಸ್ಸು ಹತ್ತಿದ ಮಾರನೆಯ ಬೆಳಗಿನದು ಮಾತ್ರ.

ಬೆಳಗ್ಗೆ ಎದ್ದು ಹಳೆಯ ಸೀರೆ ಉಟ್ಟೆ. ಸುಣ್ಣ ಕದಡಿದೆ, ನೀಲಿ ಹಾಕಿದೆ. ಬೇಲಿಯ ಬೀಗದ ಕೀಲಿ ಮಂಜಣ್ಣನ ಹತ್ತಿರ ಇತ್ತು. ಕಲ್ಲಿನಿಂದ ಬೀಗ ಒಡೆದೆ. “ನಿನ್ ಕೈಗೆ ಹುಳ ಬೀಳ್ಲಿ, ಮಂದಿ ಗೋಡಿ ಹಾಳ್ ಮಾಡ್ತ್ಯಾ” ಎಂದು ಶೀನನಿಗೆ ಗಟ್ಟಿಯಾಗಿ ಬೈಯುತ್ತಾ ಮೇಲಿಂದ ಕೆಳಗಿನವರೆಗೆ ಹೊಡೆದೆ. ಮಂಜಣ್ಣ ರಸ್ತೆಯಲ್ಲಿ ನಿಂತು ಬಾಯಿ ಬಡಿದುಕೊಂಡ. ಫೋಟೋ ತೆಗೆದು ಬೊಂಬಾಯಿಗೆ ಶೀನನಿಗೇ ದೂರು ಕಳಿಸಿದ. ಕಳಿಸಲಿ ಎಂದೇ ಕುಂಚ ಹಿಡಿದುಕೊಂಡು ನೆಟ್ಟಗೆ ನಿಂತಿದ್ದೆ. ಆಮೇಲೆ ಹಲಸಿನ ಮರದಡಿಯಿಂದ ಎಮ್ಮೆ ಬಿಚ್ಚಿ ತಂದು ಅದರ ಜಾಗದಲ್ಲಿ ಕಟ್ಟಿದೆ.