ಮುಕ್ಕೋಣದ ಹಿತ್ತಾಳೆ ಮೊಳೆಗಳು

ಕುಣಿಗಲ್ಲಿನ ಸಾಬರೊಬ್ಬರು ಮಾಡುತ್ತಿದ್ದ ಚಾಕುವಿನ ಹಿಡಿಯಲ್ಲಿ ಮೂರು ಹಿತ್ತಾಳೆ ಮೊಳೆಗಳಿರುತ್ತಿದ್ದವು. ಎಲ್ಲರ ಹಾಗೆ ಸಾಲಾಗಿ ಅಲ್ಲ, ಮುಕ್ಕೋಣವಾಗಿ. ಅದನ್ನು ಅವರು ವಕೀಲರ ಮೂಲಕ ತಮ್ಮ ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಿದ್ದರು. ಮಟನ್ ಅಂಗಡಿಯವರು, ಅಡುಗೆಯವರು ಹೆಸರು ಓದುತ್ತಿರಲಿಲ್ಲ. ಹೆಬ್ಬೆರಳಿನಲ್ಲಿ ಹಿಡಿ ಸವರಿ ನೋಡಿ ಕೊಳ್ಳುತ್ತಿದ್ದರು. ಅಲಗು ಮುರಿದರೆ ಆ ಹಿಡಿಯನ್ನು ತಂದು ತೋರಿಸಿದರೆ ಸಾಕು, ಸಾಬರು ಬೇರೆ ಚಾಕು ಕೊಡುತ್ತಿದ್ದರು. ಅದು ಅವರು ಇಟ್ಟುಕೊಂಡಿದ್ದ ಕಟ್ಟಳೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರು ಪಕ್ಕದ ಹಿರೇಹಳ್ಳಿಯ ಒಂದು ಶೆಡ್ಡಿನಲ್ಲಿ ಚಾಕು ಮಾಡುತ್ತಿದ್ದೆ. ಗುಬ್ಬಿ ಸಂತೆಯಲ್ಲಿ ಅವನ್ನು ಜನ ಸವರಿ ನೋಡಿ ಕೆಳಗಿಡುತ್ತಿದ್ದರು. ಒಂದು ದಿನ ನಾನೂ ಮುಕ್ಕೋಣಕ್ಕೆ ಮೊಳೆ ಹೊಡೆದೆ. ಸಾಬರು ಲಾರಿಯ ಕಮಾನು ಪಟ್ಟಿಯ ಉಕ್ಕು ಬಡಿದು ಹದ ಮಾಡುತ್ತಿದ್ದರು. ನನ್ನದು ಗುಜರಿಯ ತಗಡು. ಮುಂದಿನ ಸಂತೆಯಲ್ಲಿ ಮಧ್ಯಾಹ್ನದೊಳಗೆ ಎಲ್ಲ ಖರ್ಚಾಯಿತು.

ವರ್ಷದ ಮೇಲೆ ಸಾಬರು ಒಂದು ಗೋಣಿಚೀಲ ಹೊತ್ತು ಶೆಡ್ಡಿಗೆ ಬಂದರು. ಅದರ ತುಂಬ ಮುರಿದ ಚಾಕುಗಳು. ಎಲ್ಲವೂ ನನ್ನವು. ಎಲ್ಲಕ್ಕೂ ಅವರು ಬದಲು ಕೊಟ್ಟಿದ್ದರು.

"ನನ್ನವೇ ಅಂತ ಏನ್ ಗ್ಯಾರಂಟಿ ಸಾಬ್ರೆ?" ಅಂದೆ.

"ಹುಲಿಯೂರುದುರ್ಗದಲ್ಲಿ ಒಬ್ಬ ಅಡುಗೆಯವನಿಗೆ ಅಲಗು ಮುರ್ದು ಅಂಗೈಗೆ ಹೊಕ್ಕಿದೆ. ನನ್ನ ಮುಂದೆ ನಿಂತ್ಕೊಂಡು ಬೈದ. ನಂದಲ್ಲ ಅಂದ್ರೆ ನಂಬ್ತಾನಾ? ಮೊಳೆ ಬೇಕಾದ್ರೆ ಹೊಡ್ಕೊಳಪ್ಪ, ಉಕ್ಕಾದ್ರೂ ಸರಿಯಾಗಿರೋದು ಹಾಕು."

ಹಾಕುತ್ತೇನೆ ಅಂದೆ. ಟೀ ತರಿಸಿದೆ, ಕುಡಿದು ಹೋದರು. ಹಾಕಲಿಲ್ಲ.

ಕೋರ್ಟಿನ ನೋಟಿಸು ಬರುತ್ತದೆಂದು ಕೆಲವು ತಿಂಗಳು ಕಾದೆ. ಬರಲಿಲ್ಲ. ಅದರ ಬದಲು ಸಾಬರು ತಮ್ಮ ಚಾಕುವಿಗೆ ಆ ಮೊಳೆ ಹೊಡೆಯುವುದನ್ನೇ ನಿಲ್ಲಿಸಿದರು. ಇನ್ನು ಯಾರ ಕೈ ಕೊಯ್ದರೂ ಆ ಮಾತು ತಮಗೆ ಬರಬಾರದೆಂದು ಇರಬೇಕು. ಬೋಳು ಹಿಡಿಯ ಚಾಕುಗಳನ್ನು ಅವರೇ ಗುಬ್ಬಿ ಸಂತೆಗೆ ತಂದು ಕೂತರು. ಅಲ್ಲಿನವರಿಗೆ ಹಿಡಿಯ ಗುರುತಿತ್ತು, ಅವರ ಮುಖದ ಗುರುತಿರಲಿಲ್ಲ. ಜನ ಸವರಿ ನೋಡಿ, "ಇದು ಡೂಪ್ಲಿಕೇಟ್ ಕಣೋ, ಸಾಬ್ರದಲ್ಲ" ಎಂದು ಅವರೆದುರೇ ಇಟ್ಟುಬಿಟ್ಟು, ನಾಲ್ಕು ಹೆಜ್ಜೆ ಈಚೆ ಇದ್ದ ನನ್ನಲ್ಲಿಗೆ ಬಂದರು. ನಾನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಸಾಬರು ನನ್ನ ಕಡೆ ನೋಡಲಿಲ್ಲ.

ಎರಡು ವರ್ಷದಲ್ಲಿ ಅವರ ಕುಲುಮೆ ಮುಚ್ಚಿತು. ಸುದ್ದಿ ಬಂದ ದಿನ ನಾನು ಎಂದಿನಂತೆ ಉಂಡೆ, ಎಂದಿನಂತೆ ಮೊಳೆ ಹೊಡೆದೆ. ಆಗ ನನಗೆ ಏನೂ ಅನ್ನಿಸಲಿಲ್ಲ. ಅವರು ಇನ್ನೂ ಆರು ವರ್ಷ ಬದುಕಿದ್ದರು. ತುಮಕೂರಿನಿಂದ ಕುಣಿಗಲ್ಲಿಗೆ ಬೇಕಾದಷ್ಟು ಬಸ್ಸುಗಳಿದ್ದವು. ನಾನು ಒಂದನ್ನೂ ಹತ್ತಲಿಲ್ಲ.