ತಡ್ಪೆ ಹಿಡಿದು ಬಂದ ತಾಯಿ

ಆಕೆ ಶಾಲೆಗೆ ಬಂದರೆ ಮೊದಲು ತಂಬಾಕಿನ ವಾಸನೆ ಬರುತ್ತಿತ್ತು, ಆಮೇಲೆ ಆಕೆ. ಬಂಟ್ವಾಳದ ಬಳಿ ನಾನು ಕಲಿಸುತ್ತಿದ್ದ ಸರ್ಕಾರಿ ಶಾಲೆಯಲ್ಲಿ ಬೀಡಿ ಕಟ್ಟಿ ಬದುಕುವ ಆಕೆಯ ಮಗಳು ಓದುತ್ತಿದ್ದಳು. ಹುಡುಗಿಗೆ ಕಿವಿ ಕೇಳಿಸದು. ಕೈಸನ್ನೆಯಲ್ಲಿ ಕಲಿಸುವ ವಿಶೇಷ ಟೀಚರ್ ವಾರಕ್ಕೊಮ್ಮೆ ಬರಬೇಕಿತ್ತು, ಬರುತ್ತಿರಲಿಲ್ಲ. "ಮುಂದಿನ ವಾರ ಬರ್ತಾರೆ" ಎಂದು ಹೆಡ್ಮಾಸ್ಟರು ಹೇಳಿದಾಗಲೆಲ್ಲ ಆಕೆಯದು ಒಂದೇ ಮಾತು: "ಅಡ್ಡಿಯಿಲ್ಲ ಸಾರ್, ಕಾಯ್ತೇನೆ."

ಒಂದು ದಿನ ನಿಜಕ್ಕೂ ಕಾಯಲು ಬಂದಳು. ಆಫೀಸಿನ ಬಾಗಿಲಲ್ಲಿ ಕಾಲು ಚಾಚಿ ಕುಳಿತು, ಎಲೆ-ತಂಬಾಕು ತುಂಬಿದ ಮೊರವನ್ನು, ನಮ್ಮ ಕಡೆಯ ತಡ್ಪೆಯನ್ನು, ಮಡಿಲಲ್ಲಿಟ್ಟು ಬೀಡಿ ಕಟ್ಟತೊಡಗಿದಳು. ಹೆಡ್ಮಾಸ್ಟರು ಹೌಹಾರಿದರು.

"ಏನಮ್ಮ ಇದು! ಶಾಲೆಗೆ ತಂಬಾಕು ತರಬಾರದು. ಗೋಡೆಯಲ್ಲಿ ಬರೆದದ್ದು ಕಾಣುದಿಲ್ವಾ?"

ಆಕೆ ತಲೆ ಎತ್ತಲಿಲ್ಲ, ಬೆರಳೂ ನಿಲ್ಲಲಿಲ್ಲ. "ಕಾಣ್ತದೆ ಸಾರ್. ವಿಶೇಷ ಮಕ್ಕಳಿಗೆ ಟೀಚರ್ ಉಂಟು ಅಂತ ಅದರ ಕೆಳಗೇ ಬರೆದದ್ದೂ ಕಾಣ್ತದೆ. ನೀವು ಅದನ್ನು ಪಾಲಿಸಿ, ನಾನು ಇದನ್ನು ಪಾಲಿಸ್ತೇನೆ."

ಹೆಡ್ಮಾಸ್ಟರು ಒಳಗೆ ಹೋಗಿ ಮೇಲಧಿಕಾರಿಗಳಿಗೆ ಫೋನು ಮಾಡಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಆ ವಾರವೇ ಟೀಚರ್ ಬಂದರು, ಮತ್ತೆ ತಪ್ಪಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಹುಡುಗಿ ಇಡೀ ತರಗತಿಗೆ ಕೈಸನ್ನೆಯಲ್ಲಿ ಬೈಯಲು ಕಲಿಸಿದ್ದಳು.

ಆಮೇಲೊಮ್ಮೆ ಬೆಳ್ತಂಗಡಿ ಕಡೆಯ ತಾಯಿಯೊಬ್ಬಳು ಸುದ್ದಿ ಕೇಳಿ ನಮ್ಮ ಶಾಲೆಗೇ ಆಕೆಯನ್ನು ಹುಡುಕಿಕೊಂಡು ಬಂದಳು. ತನ್ನ ಮಗನ ಶಾಲೆಗೂ ಅಂಥ ಟೀಚರ್ ಬರುವುದಿಲ್ಲ ಎಂದು ಅತ್ತಳು.

ನಮ್ಮ ಬೀಡಿಯ ತಾಯಿ ಎದ್ದು ಸೆರಗು ಕೊಡವಿದಳು. "ಅಳುದು ಬೇಡ ಮಾರಾಯ್ತಿ. ತಡ್ಪೆ ತಕೋ, ಹೋಗುವ."